ಗೌಂಡಿ ಕಣ್ಣಿನಲ್ಲಿ ಫ್ಲಾರೆನ್ಸ್

(ಬೆಳಗಾವಿಯಲ್ಲಿ, ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತುಗಳು. ಅಲ್ಲಿ ಇಲ್ಲಿ ಸ್ವಲ್ಪ ತಿದ್ದಿ, ಅವತ್ತು ಮರೆತದ್ದನ್ನು ಸೇರಿಸಿ ಬರೆದಿದ್ದೇನೆ.)

ಇಟಲಿಯ ಫ್ಲಾರೆನ್ಸನ್ನು ನಾನು ಮೊದಲ ಸಲ ನೋಡಿದ್ದು ಬರೀ ಎರಡು ಗಂಟೆ. ಅದರಲ್ಲಿ ನಲವತ್ತು ನಿಮಿಷ ಶೌಚಾಲಯದ ಸಾಲಿನಲ್ಲೇ ಹೋಯಿತು. ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ರವಾಸ ಅದು. ಬಸ್ಸಿನಲ್ಲಿ ಅಂತ್ಯಾಕ್ಷರಿ, ರಾತ್ರಿ ಊಟಕ್ಕೆ ದಾಲ್ ಚಾವಲ್. ಟೂರಿನವನು ನಮ್ಮನ್ನು ಒಂದು ಚೌಕದಲ್ಲಿ ನಿಲ್ಲಿಸಿ, "ಇದು ಡುವೊಮೊ, ಫೋಟೊ ತೆಗೆದುಕೊಳ್ಳಿ, ನಾಲ್ಕೂವರೆಗೆ ಬಸ್ಸಿನ ಹತ್ತಿರ ಇರಬೇಕು" ಎಂದ. ಡುವೊಮೊ ಅಂದರೆ ಊರಿನ ದೊಡ್ಡ ಚರ್ಚು. ಎಲ್ಲರೂ ಫೋಟೊ ತೆಗೆದರು. ನಾನು ತಲೆ ಎತ್ತಿ ಗುಮ್ಮಟ ನೋಡುತ್ತ ನಿಂತುಬಿಟ್ಟೆ. ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಇದಕ್ಕೆ ಸೆಂಟ್ರಿಂಗ್ ಹೇಗೆ ಕೊಟ್ಟರು?

ಮೂವತ್ತೆರಡು ವರ್ಷ ಕಟ್ಟಡದ ಕೆಲಸ ಮಾಡಿಸಿದವನು ನಾನು. ನೀರಿನ ಟ್ಯಾಂಕು, ಶಾಲೆ, ಆಸ್ಪತ್ರೆ, ಒಂದೆರಡು ಕಲ್ಯಾಣಮಂಟಪ. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಹಲಗೆ, ಕಂಬ ಕೊಟ್ಟು ಅದು ಗಟ್ಟಿಯಾಗುವ ತನಕ ಹೊರಿಸುತ್ತೇವಲ್ಲ, ಅದೇ ಸೆಂಟ್ರಿಂಗ್. ಕಮಾನು ಕಟ್ಟಿದರೂ ಅದು ಬೇಕು, ಗುಮ್ಮಟಕ್ಕೂ ಬೇಕು. ಆದರೆ ಈ ಗುಮ್ಮಟ ಶುರುವಾಗುವುದೇ ನೆಲದಿಂದ ಐವತ್ತು ಮೀಟರಿಗಿಂತ ಎತ್ತರದಲ್ಲಿ. ಒಳಗಿನ ಅಗಲ ಹತ್ತಿರ ಹತ್ತಿರ 45 ಮೀಟರ್. ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಮರದ ಸೆಂಟ್ರಿಂಗ್ ಅಂದರೆ ಒಂದು ಕಾಡೇ ಬೇಕಲ್ವಾ?

"ರೀ, ಬಸ್ಸು ಹೋಗುತ್ತೆ" ಎಂದು ನನ್ನ ಹೆಂಡತಿ ತೋಳು ಹಿಡಿದು ಎಳೆದಳು. ಬಸ್ಸು ಹೋಗಿರಲಿಲ್ಲ, ಆದರೆ ಒಳಗಿದ್ದ ನಲವತ್ತು ಜನರ ಮುಖ ನೋಡುವ ಹಾಗಿರಲಿಲ್ಲ.

ಆಮೇಲೆ ನಿವೃತ್ತಿಯಾಯಿತು, ಮಗಳಿಗೆ ಮಿಲಾನಿನಲ್ಲಿ ಕೆಲಸ ಸಿಕ್ಕಿತು. ನಾವಿಬ್ಬರೂ ಸುಮ್ನೆ ಫ್ಲಾರೆನ್ಸಿಗೇ ಹೋಗಿ ಒಂಬತ್ತು ದಿನ ಉಳಿದೆವು. ಆಮೇಲೆ ಇನ್ನೊಂದು ಸಲವೂ ಹೋದೆವು. ನಾನು ಹೇಳಲಿಕ್ಕೆ ಹೊರಟಿರುವುದು ಆ ದಿನಗಳಲ್ಲಿ ನೋಡಿದ್ದನ್ನು. ಆ ಊರನ್ನು ಜನ ಚೆಂದಕ್ಕೆ ಹೊಗಳುತ್ತಾರೆ. ಚೆಂದವೇ, ತಕರಾರಿಲ್ಲ. ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಅಲ್ಲಿ ಕೆಲಸ ಮಾಡಿದವನ ಕೈ ಇನ್ನೂ ಕಾಣುತ್ತದೆ. ಗಿಲಾವು ಎಲ್ಲಿ ನಿಲ್ಲಿಸಿದ, ಉಳಿ ಎಲ್ಲಿ ಬಿಟ್ಟ, ದುಡ್ಡು ಎಲ್ಲಿ ಮುಗಿಯಿತು, ಎಲ್ಲವೂ.

ಗುಮ್ಮಟದ ಕತೆಯಿಂದಲೇ ಶುರು ಮಾಡುತ್ತೇನೆ. ಆ ದೊಡ್ಡ ಚರ್ಚಿನ ಕೆಲಸ ಶುರುವಾದದ್ದು 1296ರಲ್ಲಿ. ನೂರು ವರ್ಷ ದಾಟಿದರೂ ಮೇಲೆ ಗುಮ್ಮಟ ಇಲ್ಲ, ದೊಡ್ಡ ತೂತು. ಕಟ್ಟುತ್ತೇವೆ ಎಂದು ತೀರ್ಮಾನ ಮಾಡಿದ್ದರು, ಹೇಗೆ ಕಟ್ಟುವುದು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. (ಇಂಥ ಟೆಂಡರುಗಳನ್ನು ನಾನೂ ನೋಡಿದ್ದೇನೆ.) 1418ರಲ್ಲಿ ಸ್ಪರ್ಧೆ ಕರೆದರು. ಕೆಲಸ ಕೊನೆಗೆ ಬಂದದ್ದು ಫಿಲಿಪ್ಪೊ ಬ್ರುನೆಲೆಸ್ಕಿಯ ಕೈಗೆ. ಅವನ ಕಸುಬು ಅಕ್ಕಸಾಲಿಗತನ. ಗಡಿಯಾರದ ಚಕ್ರ, ಚಿನ್ನದ ಕುಸುರಿ ಮಾಡುತ್ತಿದ್ದವನು ಬಂದು, ಸೆಂಟ್ರಿಂಗೇ ಬೇಡ, ಹಾಗೇ ಕಟ್ಟುತ್ತೇನೆ ಎಂದ. 1420ರಲ್ಲಿ ಕಟ್ಟಲು ಶುರು ಮಾಡಿ 1436ರಲ್ಲಿ ಮುಗಿಸಿಯೂಬಿಟ್ಟ.

ಹೇಗೆ? ಇದನ್ನು ನೋಡಲು 463 ಮೆಟ್ಟಿಲು ಹತ್ತಬೇಕು. ಮಂಡಿ ನೋವಿದ್ದವರು ಯೋಚನೆ ಮಾಡಿ, ಮಧ್ಯದಲ್ಲಿ ಲಿಫ್ಟ್ ಏನೂ ಇಲ್ಲ. ಗುಮ್ಮಟ ಒಂದಲ್ಲ, ಎರಡು. ಒಳಗೊಂದು ದಪ್ಪ ಚಿಪ್ಪು, ಹೊರಗೊಂದು ತೆಳು ಚಿಪ್ಪು, ನಡುವೆ ಓಣಿಯ ಹಾಗೆ ಸಂದು. ಆ ಸಂದಿನಲ್ಲೇ ನಾವು ಹತ್ತುವುದು. ಅಲ್ಲಿ ಇಟ್ಟಿಗೆ ಬರಿಮೈಯಲ್ಲಿ ಕಾಣುತ್ತದೆ. ನಾನು ನಿಂತೆ. ಹಿಂದೆ ಬರುತ್ತಿದ್ದವರು ಗೊಣಗುತ್ತ ಗೋಡೆಗೆ ಒತ್ತಿಕೊಂಡು ಮುಂದೆ ಹೋದರು.

ಅಡ್ಡ ಇಟ್ಟಿಗೆಯ ಸಾಲುಗಳ ನಡುವೆ ಅಷ್ಟಷ್ಟು ದೂರಕ್ಕೆ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿದೆ. ಮೇಲಿನ ಸಾಲಿನಲ್ಲಿ ಅದು ಒಂದು ಹೆಜ್ಜೆ ಪಕ್ಕಕ್ಕೆ, ಅದರ ಮೇಲಿನದರಲ್ಲಿ ಇನ್ನೊಂದು ಹೆಜ್ಜೆ. ಹಾಗೇ ಸುತ್ತಿಕೊಂಡು ಮೇಲೇರುತ್ತದೆ. ಮೀನಿನ ಮುಳ್ಳಿನ ಹಾಗೆ ಕಾಣುವುದರಿಂದ ಅಲ್ಲಿಯವರು ಅದಕ್ಕೆ ಕರೆಯುವುದೂ ಮೀನಮುಳ್ಳು ಎಂದೇ, ಸ್ಪೀನಾ ದಿ ಪೆಶೆ. ಗುಮ್ಮಟ ಒಳಕ್ಕೆ ಬಾಗುತ್ತ ಹೋದ ಹಾಗೆ ಹಸಿ ಗಾರೆಯ ಮೇಲೆ ಇಟ್ಟಿಗೆ ಜಾರುತ್ತದೆ. ಕೆಳಗೆ ಹಲಗೆ ಇಲ್ಲದಿದ್ದರೆ ಬಿದ್ದೇ ಹೋಗುತ್ತದೆ. ಈ ನಿಂತ ಇಟ್ಟಿಗೆಗಳು ಏನು ಮಾಡುತ್ತವೆ ಅಂದರೆ, ಕಪಾಟಿನಲ್ಲಿ ಪುಸ್ತಕ ಬೀಳದ ಹಾಗೆ ಎರಡೂ ಕಡೆ ಕಲ್ಲು ಇಡುತ್ತೇವಲ್ಲ, ಹಾಗೆ ನಡುವಿನ ನಾಲ್ಕೈದು ಇಟ್ಟಿಗೆಯನ್ನು ಹಿಡಿದುಕೊಳ್ಳುತ್ತವೆ. ಕಾಲು ಕೆಳಗಿನ ಒಣಗಿದ ಸಾಲಿನಲ್ಲಿ, ತಲೆ ಮೇಲೆ. ಒಂದು ಸುತ್ತು ಪೂರ್ತಿಯಾದ ಮೇಲೆ ಅದು ಬಳೆಯಂತೆ ತನ್ನನ್ನು ತಾನೇ ಹೊತ್ತುಕೊಳ್ಳುತ್ತದೆ. ಆಮೇಲೆ ಮುಂದಿನ ಸುತ್ತು. ಹೊರಕ್ಕೆ ಸಿಡಿಯದ ಹಾಗೆ ಗೋಡೆಯೊಳಗೇ ಕಲ್ಲಿನ ದೊಡ್ಡ ಸರಪಳಿಗಳನ್ನು ಕಬ್ಬಿಣದ ಕೊಕ್ಕೆ ಹಾಕಿ ಸುತ್ತಿಸಿದ್ದಾನೆ, ಒಂದು ಮರದ ಸರಪಳಿಯೂ ಇದೆ. ನಾವು ಕಾಲಂಗೆ ರಿಂಗ್ ಕಟ್ಟುತ್ತೇವಲ್ಲ, ಅದೇ ಯೋಚನೆ.

ಅವತ್ತು ಸಭೆಯಲ್ಲಿ ಒಬ್ಬರು ತಕ್ಷಣ ಕೇಳಿದರು: ಗೋಲಗುಮ್ಮಟ ದೊಡ್ಡದೋ ಇದು ದೊಡ್ಡದೋ? ವಿಜಯಪುರದ ಸುತ್ತಮುತ್ತಲಿನವರಿಗೆ ಇದು ಮಾನದ ಪ್ರಶ್ನೆ. ನಮ್ಮದು 1656ರದು, ಹೊರಗಿನ ಅಳತೆ 44 ಮೀಟರ್. ಆದರೆ ಎರಡೂ ಬೇರೆ ಜಾತಿ. ಅದು ದುಂಡಗೆ, ಒಂದೇ ಚಿಪ್ಪು, ಒಂದಕ್ಕೊಂದು ಹೆಣೆದ ಕಮಾನುಗಳ ಮೇಲೆ ಕೂತಿದೆ. ಇದು ಎಂಟು ಮೂಲೆಯದು. ಜಗಳ ಬೇಡ ಎಂದೆ.

ಸಾಮಾನು ಮೇಲೆ ಎತ್ತಲು ಬ್ರುನೆಲೆಸ್ಕಿ ಎತ್ತು ಕಟ್ಟುವ ಒಂದು ಯಂತ್ರ ಮಾಡಿದ್ದ. ನಮ್ಮ ಗಾಣದ ಹಾಗೆ ಎತ್ತು ಒಂದೇ ದಿಕ್ಕಿಗೆ ಸುತ್ತುತ್ತಿರುತ್ತದೆ. ಒಂದು ಚಕ್ರ ಬಿಡಿಸಿ ಇನ್ನೊಂದು ಚಕ್ರ ಕಚ್ಚಿಸಿದರೆ ಹಗ್ಗ ಕೆಳಕ್ಕೆ ಇಳಿಯುತ್ತದೆ. ಎತ್ತನ್ನು ಬಿಚ್ಚಿ ತಿರುಗಿಸಿ ಮತ್ತೆ ಕಟ್ಟುವ ರಗಳೆ ಇಲ್ಲ. 600 ವರ್ಷದ ಹಿಂದೆ ರಿವರ್ಸ್ ಗೇರ್! ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಿ.

ಗುಮ್ಮಟದ ಒಳಗೆ ಮೇಲೆ ಬರೆದಿರುವ ಸ್ವರ್ಗ ನರಕದ ದೊಡ್ಡ ಚಿತ್ರ ವಸಾರಿ ಮತ್ತು ಜುಕ್ಕಾರಿ ಎಂಬುವರದು, ಆಮೇಲಿನ ಶತಮಾನದ್ದು. ಬಿಳಿ ಸುಣ್ಣ ಹೊಡೆದು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಹೆಂಡತಿಗೆ ಅದೇ ಇಷ್ಟ. ಎಲ್ಲರೂ ಫೋಟೊ ತೆಗೆಯುವ ಮುಂಭಾಗ ಇದೆಯಲ್ಲ, ಬಿಳಿ ಹಸಿರು ಗುಲಾಬಿ ಅಮೃತಶಿಲೆಯದು, ಅದು ಮುಗಿದದ್ದು 1887ರಲ್ಲಿ. ಅಷ್ಟು ದಿನ ಮುಂಭಾಗಕ್ಕೆ ಪೂರ್ತಿ ಮುಖವೇ ಇರಲಿಲ್ಲ. ಗುಮ್ಮಟದ ಬುಡದಲ್ಲಿ ಎಂಟು ಬದಿಯಲ್ಲಿ ಒಂದೇ ಬದಿಗೆ ಮಾತ್ರ ಕೆತ್ತನೆಯ ಬಾಲ್ಕನಿ ಇದೆ, ಉಳಿದ ಏಳು ಕಡೆ ಒರಟು ಕಲ್ಲು ಹಾಗೇ. ಮೈಕೆಲಾಂಜೆಲೊ ಅದನ್ನು ನೋಡಿ ಮಿಡತೆ ಸಾಕುವ ಪಂಜರ ಇದ್ದ ಹಾಗಿದೆ ಅಂದನಂತೆ, ಕೆಲಸ ಅಲ್ಲಿಗೇ ನಿಂತಿತಂತೆ. ಒಂದು ಮಾತಿಗೆ ಐನೂರು ವರ್ಷ ಕೆಲಸ ನಿಲ್ಲುವುದು ಅಂದರೆ!

ಇನ್ನೊಂದು ಸಂಗತಿ. 1434ರ ಆಗಸ್ಟಿನಲ್ಲಿ, ಗುಮ್ಮಟ ಮುಗಿಯುತ್ತಾ ಬಂದಿದ್ದಾಗ, ಬ್ರುನೆಲೆಸ್ಕಿಯನ್ನು ಜೈಲಿಗೆ ಹಾಕಿದರು. ತಪ್ಪೇನು? ಕಲ್ಲುಕುಟಿಗರು ಮತ್ತು ಬಡಗಿಗಳ ಸಂಘಕ್ಕೆ ವರ್ಷದ ಚಂದಾ ಕಟ್ಟಿರಲಿಲ್ಲ. ಹನ್ನೊಂದು ದಿನ ಒಳಗಿದ್ದ.

ಆ ಸಂಘದ ಮುಖ ನೋಡಬೇಕಾದರೆ ಡುವೊಮೊದಿಂದ ಐದು ನಿಮಿಷ ನಡೆಯಬೇಕು. ಓರ್ಸಾನ್‌ಮಿಕೇಲೆ ಅಂತ ಒಂದು ಕಟ್ಟಡ, ನೋಡಲು ಚರ್ಚಿನ ಹಾಗೆ ಕಾಣುವುದೇ ಇಲ್ಲ. ಮೊದಲು ಅದು ಧಾನ್ಯದ ಮಾರುಕಟ್ಟೆ, ಮೇಲಿನ ಮಹಡಿಗಳು ಊರಿನ ಕಣಜ. ಕಾಳು ಕೆಳಗೆ ಸುರಿಯಲು ಕಂಬದೊಳಗೇ ಕೊಳವೆ ಮಾಡಿದ್ದರು, ಅದರ ಬಾಯಿ ಈಗಲೂ ಇದೆ. ದೇವರ ಮುಂದೆ ನಿಂತು ಪಕ್ಕದ ಕಂಬ ನೋಡಿದರೆ ಜೋಳ ಸುರಿಯುವ ತೂತು! ಹೊರಗೋಡೆಯಲ್ಲಿ ಸುತ್ತಲೂ ಗೂಡುಗಳು. ಊರಿನ ಒಂದೊಂದು ಕಸುಬಿನ ಸಂಘಕ್ಕೆ ಒಂದೊಂದು ಗೂಡು, ಅದರಲ್ಲಿ ಅವರ ಸಂತರ ಮೂರ್ತಿ. ಗೂಡಿನಲ್ಲಿ ಈಗ ಇರುವವು ಪ್ರತಿಗಳು, ಮೂಲ ಮೂರ್ತಿಗಳನ್ನು ಒಳಗೆ ತೆಗೆದಿಟ್ಟಿದ್ದಾರೆ.

ಕಲ್ಲು ಮತ್ತು ಮರದ ಕೆಲಸದವರ ಗೂಡಿನಲ್ಲಿ ನಾನ್ನಿ ದಿ ಬಾಂಕೊ ಕೆತ್ತಿದ ನಾಲ್ಕು ಸಂತರು. ಎಲ್ಲರೂ ಸಂತರನ್ನು ನೋಡುತ್ತಾರೆ. ನೀವು ಅವರ ಕಾಲ ಕೆಳಗೆ ನೋಡಿ. ಅಲ್ಲಿ ಒಂದು ಉದ್ದನೆಯ ಉಬ್ಬುಚಿತ್ರ ಇದೆ, ನಾಲ್ಕು ಜನ ಕೆಲಸದಲ್ಲಿ ಮುಳುಗಿದ್ದಾರೆ. ಒಬ್ಬ ಗೋಡೆ ಕಟ್ಟುತ್ತಿದ್ದಾನೆ. ಒಬ್ಬ ಕಂಬಕ್ಕೆ ಬೈರಿಗೆ ಹಾಕುತ್ತಿದ್ದಾನೆ. ಒಬ್ಬ ಕಂಬದ ತಲೆಯನ್ನು ಕೈವಾರ ಹಿಡಿದು ಅಳೆಯುತ್ತಿದ್ದಾನೆ. ಕೊನೆಯವನು ಮಗುವಿನ ಮೂರ್ತಿ ಕೆತ್ತುತ್ತಿದ್ದಾನೆ. ಆ ಗೋಡೆ ಕಟ್ಟುವವನನ್ನು ನೋಡಿ ನನಗೆ ನಮ್ಮ ಸೈಟಿನಲ್ಲಿ ಇಪ್ಪತ್ತು ವರ್ಷ ಇದ್ದ ಗೌಂಡಿ ಮಾಮಾ ನೆನಪಾದರು. ಗೋಡೆ ಮುಂದೆ ನಿಲ್ಲುವ ಠೀವಿ ಅದೇ. ಅವರೂ ಹಾಗೇ, ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ನಾನು ಕಟ್ಟಿಸಿದ ಅಷ್ಟು ಕಟ್ಟಡಗಳಲ್ಲಿ ಅವರ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ. ಉದ್ಘಾಟನೆ ಮಾಡಿದವರ ಹೆಸರು ಎಲ್ಲ ಕಡೆ ಇದೆ.

ಇನ್ನು ಗೋಡೆ ಚಿತ್ರಗಳು. ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದ ಚಿತ್ರ ನನಗೆ ಅಷ್ಟಾಗಿ ಹತ್ತುವುದಿಲ್ಲ. ಫ್ರೆಸ್ಕೊ ಅಂದರೆ ಗಾರೆಯ ವಿಷಯ, ಅದು ನನಗೆ ಅರ್ಥವಾಗುತ್ತದೆ. ಸುಣ್ಣದ ಗಾರೆ ಹಸಿಯಾಗಿರುವಾಗ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಅಂಟು ಗಿಂಟು ಏನೂ ಇಲ್ಲ. ಆದರೆ ಒಣಗುವುದರೊಳಗೆ ಮುಗಿಸಬೇಕು. ಹಾಗಾಗಿ ಬೆಳಗ್ಗೆ ಎದ್ದು ಅವತ್ತು ಎಷ್ಟು ಬರೆಯಬಹುದೋ ಅಷ್ಟಕ್ಕೇ ಗಿಲಾವು. ಅದಕ್ಕೆ ಅವರು ಜೊರ್ನಾತಾ ಎನ್ನುತ್ತಾರೆ, ಅಂದರೆ ಒಂದು ದಿನದ ಕೆಲಸ. ಬೆಳಕು ಪಕ್ಕದಿಂದ ಬಿದ್ದರೆ ಒಂದು ದಿನದ ಗಾರೆ ಮುಗಿದು ಮರುದಿನದ್ದು ಶುರುವಾದ ಅಂಚು ಕಾಣುತ್ತದೆ. ಆಕಾಶದ ದೊಡ್ಡ ತುಂಡು ಒಂದೇ ದಿನದಲ್ಲಿ. ಒಂದು ಮುಖಕ್ಕೇ ಒಂದು ದಿನ. ಹಾಜರಿ ಪುಸ್ತಕ ಓದಿದ ಹಾಗೆ.

ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಮಸಾಚ್ಚೊ ಬರೆದ ಒಂದು ಚಿತ್ರ ಇದೆ, ತ್ರಿಮೂರ್ತಿ ಎನ್ನಬಹುದು, ಅವರದ್ದೇ ತ್ರಿಮೂರ್ತಿ: ತಂದೆ, ಮಗ, ಪವಿತ್ರಾತ್ಮ. ಸುಮಾರು 1427ರದು. ಸಪಾಟು ಗೋಡೆಯಲ್ಲಿ ಕಮಾನಿನ ಒಂದು ಕೋಣೆಯೇ ಕೊರೆದ ಹಾಗೆ ಕಾಣುತ್ತದೆ. ಗೆರೆಗಳೆಲ್ಲ ಒಂದೇ ಬಿಂದುವಿಗೆ ಓಡುವ ಹಾಗೆ ಅವನು ಮಾಡಿದ್ದೇನು ಗೊತ್ತಾ? ಗಾರೆಯಲ್ಲಿ ಮೊಳೆ ಹೊಡೆದು ದಾರ ಕಟ್ಟಿ ಗೆರೆ ಒತ್ತಿದ. ನಾವು ಪಾಯ ಹಾಕುವಾಗ ಗೂಟ ಹೊಡೆದು ದಾರ ಎಳೆಯುತ್ತೇವಲ್ಲ, ಅದೇ. ಹತ್ತಿರದಿಂದ ನೋಡಿದರೆ ಗೀರು ಇನ್ನೂ ಇದೆ. 1428ರಲ್ಲಿ ಅವನು ರೋಮಿನಲ್ಲಿ ತೀರಿಕೊಂಡ. ಇಪ್ಪತ್ತೇಳೂ ತುಂಬಿರಲಿಲ್ಲ ಎನ್ನುತ್ತಾರೆ.

ನನ್ನ ಹೆಂಡತಿಯ ಜಾಗ ಬೇರೆ. ಸಾನ್ ಮಾರ್ಕೊ ಮಠ. ಶ್ರೀಮಂತ ಕೊಸಿಮೊ ದೆ ಮೆದಿಚಿ ದುಡ್ಡು ಕೊಟ್ಟು ಮಿಕೆಲೊಟ್ಸೊ ಎಂಬುವನಿಂದ ಕಟ್ಟಿಸಿದ. ಅಲ್ಲೇ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ ಮತ್ತು ಅವನ ಜೊತೆಗಾರರು ಒಂದೊಂದು ಚಿಕ್ಕ ಕೋಣೆಗೆ ಒಂದೊಂದು ಚಿತ್ರ ಬರೆದರು. ಕೋಣೆ ಅಂದರೆ ಒಂದು ಕಿಟಕಿ, ಒಂದು ಚಿತ್ರ, ಅಷ್ಟೇ. ಮೆಟ್ಟಿಲು ಹತ್ತಿ ಮೇಲೆ ತಿರುಗಿದ ಕೂಡಲೇ ಎದುರಿಗೆ ದೇವದೂತ ಮರಿಯಾಳಿಗೆ ಯೇಸು ಹುಟ್ಟುವ ಸುದ್ದಿ ತಂದ ಚಿತ್ರ. ಕೆಳಗೆ ಲ್ಯಾಟಿನ್‌ನಲ್ಲಿ ಒಂದು ಸಾಲು: ಈ ಮೂರ್ತಿಯ ಮುಂದೆ ಹಾಯುವಾಗ ಅವಳಿಗೆ ನಮಸ್ಕಾರ ಹೇಳಲು ಮರೆಯಬೇಡ. ನಮ್ಮಲ್ಲಿ "ಚಪ್ಪಲಿ ಇಲ್ಲಿ ಬಿಡಿ" ಅಂತ ಬರೆಯುವಷ್ಟೇ ಸಹಜವಾಗಿ ಬರೆದಿದ್ದಾರೆ. ಚಿತ್ರದೊಳಗಿನ ಕಂಬಗಳನ್ನು ನೋಡಿ ಕೆಳಗಿಳಿದು ಅಂಗಳಕ್ಕೆ ಹೋದರೆ ಸುಮಾರು ಅದೇ ಥರದ ಕಂಬಗಳು. ಪಕ್ಕದಲ್ಲಿ ಹೊಸದಾಗಿ ಕಟ್ಟಿದ್ದನ್ನೇ ಅವನು ಚಿತ್ರಕ್ಕೆ ಎಳೆದುಕೊಂಡಿದ್ದಾನೆ. ಹೆಂಡತಿ ಆ ಮೆಟ್ಟಿಲ ಹತ್ತಿರ ಮುಕ್ಕಾಲು ಗಂಟೆ ಇದ್ದಳು. "ಬಸ್ಸು ಹೋಗುತ್ತೆ" ಅನ್ನಲು ನನಗೆ ತುಂಬಾ ಆಸೆಯಾಯಿತು, ಅನ್ನಲಿಲ್ಲ.

ಮೈಕೆಲಾಂಜೆಲೊ ಕೆತ್ತಿದ ಡೇವಿಡ್ ಮೂರ್ತಿಯ ಬಗ್ಗೆ ಎಲ್ಲರಿಗೂ ಗೊತ್ತು, ಬಿಡಿ. ಅದೇ ಹಾಲಿನಲ್ಲಿ ಅವನ ಕಡೆ ನಡೆದು ಹೋಗುವಾಗ ಎರಡೂ ಪಕ್ಕ ಮೈಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ಸೆರೆಯಾಳುಗಳ ಮೂರ್ತಿಗಳಿವೆ. ಎಲ್ಲರೂ ಡೇವಿಡ್ ಕಡೆ ಓಡುತ್ತಾರೆ, ಹಾಗಾಗಿ ಇವುಗಳ ಹತ್ತಿರ ಆರಾಮಾಗಿ ನಿಲ್ಲಬಹುದು. ಹಲ್ಲಿರುವ ಉಳಿಯ ಗೀರುಗಳು ಬಾಚಣಿಗೆ ಎಳೆದ ಹಾಗೆ ಇನ್ನೂ ಇವೆ. ಒಬ್ಬನ ತಲೆ ಕಲ್ಲಿನಿಂದ ಹೊರಗೇ ಬಂದಿಲ್ಲ.

ಈಗ ನಮ್ಮೂರಿನ ವಿಷಯ. ಹೌದು, ಬೆಳಗಾವಿಯ ವಿಷಯ.

ಎರಡನೇ ಮಹಾಯುದ್ಧದಲ್ಲಿ ಫ್ಲಾರೆನ್ಸಿನ ಉಫಿಜಿ ಗ್ಯಾಲರಿಯ ಚಿತ್ರಗಳನ್ನು ಬಾಂಬಿಗೆ ಹೆದರಿ ಊರ ಸುತ್ತಲಿನ ಕೋಟೆ, ಬಂಗಲೆಗಳಿಗೆ ಸಾಗಿಸಿದ್ದರು. ಹಾಗೆ ಸಾಗಿಸಿದ ಒಂದು ಜಾಗ ಮೊಂತೆಗುಫೋನಿ ಎಂಬ ಕೋಟೆ. 1944ರ ಬೇಸಿಗೆಯಲ್ಲಿ ಆ ಕಡೆಗೆ ಮುನ್ನುಗ್ಗಿ ಬಂದದ್ದು 8ನೇ ಭಾರತೀಯ ಡಿವಿಷನ್. ಕೋಟೆ ಸೇರಿದ್ದು ಮರಾಠಾ ಲಘು ಪದಾತಿ ದಳದ ಹುಡುಗರು. ಅವರ ಜೊತೆ ಎರಿಕ್ ಲಿಂಕ್ಲೇಟರ್ ಎಂಬ ಲೇಖಕ, ಬಿಬಿಸಿಯ ವಿನ್‌ಫರ್ಡ್ ವಾನ್ ಥಾಮಸ್. ಒಳಗೆ ಹೋಗಿ ನೋಡಿದರೆ ಕೋಣೆ ತುಂಬ ಗೋಡೆಗೆ ಒರಗಿಸಿಟ್ಟ ಚಿತ್ರಗಳು, ಅಲ್ಲೇ ಆಶ್ರಯ ಪಡೆದ ಹಳ್ಳಿಯ ಜನ. ಆ ಚಿತ್ರಗಳಲ್ಲಿ ಒಂದು ಬೊಟಿಚೆಲ್ಲಿಯ ಪ್ರಿಮಾವೆರಾ, ವಸಂತ. ಇವತ್ತು ಅದರ ಮುಂದೆ ನಿಲ್ಲಲು ಗಂಟೆಗಟ್ಟಲೆ ಸಾಲು. ಅವತ್ತು ಅದಕ್ಕೆ ಕಾವಲು ನಿಂತವರು ನಮ್ಮ ಸಿಪಾಯಿಗಳು.

ಆ ರೆಜಿಮೆಂಟಿನ ಕೇಂದ್ರ 1922ರಿಂದ ಇಲ್ಲೇ ಇದೆ, ಕ್ಯಾಂಪಿನಲ್ಲಿ. ಬೆಳಗ್ಗೆ ಅವರ ಬ್ಯಾಂಡು ಕೇಳಿಕೊಂಡೇ ಬೆಳೆದವರು ನಾವು. ಈ ಸಂಗತಿ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ, ಫ್ಲಾರೆನ್ಸಿನ ಒಂದು ಬಾಡಿಗೆ ಕೋಣೆಯಲ್ಲಿ, ಮಗಳ ಲ್ಯಾಪ್‌ಟಾಪಿನಲ್ಲಿ ಓದುತ್ತ. ಮರುದಿನ ಉಫಿಜಿಗೆ ಹೋದೆವು. ಟಿಕೆಟ್ ನೋಡಿದರೆ ತಾರೀಕು ತಪ್ಪಿ ಹಿಂದಿನ ದಿನಕ್ಕೆ ತೆಗೆದಿದ್ದೆ. ಮತ್ತೆ ದುಡ್ಡು ಕೊಟ್ಟು ಸಾಲಿನಲ್ಲಿ ನಿಂತು ಒಳಗೆ ಹೋದೆ. ಆ ವಸಂತದ ಚಿತ್ರ ಚೆನ್ನಾಗಿದೆಯೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ನಾನು ಅದರ ಪಕ್ಕದಲ್ಲಿ ಖಾಕಿ ಚಡ್ಡಿಯ ಒಬ್ಬ ಹುಡುಗನನ್ನೇ ಊಹಿಸಿಕೊಳ್ಳುತ್ತಿದ್ದೆ.

ಅದೇ ಆಗಸ್ಟಿನಲ್ಲಿ ಜರ್ಮನ್ನರು ಹಿಂದೆ ಸರಿಯುವಾಗ ಆರ್ನೊ ನದಿಯ ಸೇತುವೆಗಳನ್ನು ಉಡಾಯಿಸಿದರು. ಚಿನ್ನದ ಅಂಗಡಿಗಳಿರುವ ಹಳೆಯ ಪೊಂತೆ ವೆಕ್ಕಿಯೊ ಒಂದನ್ನು ಬಿಟ್ಟು ಎಲ್ಲವನ್ನೂ. ನನಗೆ ಪೊಂತೆ ವೆಕ್ಕಿಯೊಗಿಂತ ಅದರ ಪಕ್ಕದ ಸಾಂತಾ ತ್ರಿನೀತಾ ಸೇತುವೆ ಇಷ್ಟ. ಅದು ಉಡಾಯಿಸಿದ್ದು, ಮತ್ತೆ ಕಟ್ಟಿದ್ದು. ಹೊಸ ಥರ ಕಟ್ಟೋಣ ಎಂದವರೂ ಇದ್ದರು. ಊರಿನವರು ಹಟ ಹಿಡಿದರು: ಇದ್ದಲ್ಲೇ, ಇದ್ದ ಹಾಗೇ. ನದಿಯಿಂದ ಹಳೆಯ ಕಲ್ಲುಗಳನ್ನು ಎತ್ತಿ, ಸಾಲದ್ದಕ್ಕೆ ಹೊಸ ಕಲ್ಲು ಕಡಿದು 1958ರಲ್ಲಿ ಮುಗಿಸಿದರು. ಸೇತುವೆಯ ನಾಲ್ಕು ಮೂಲೆಗೆ ನಾಲ್ಕು ಋತುಗಳ ಮೂರ್ತಿ. ಅದರಲ್ಲಿ ವಸಂತಳ ತಲೆ ಮಾತ್ರ ಸಿಗಲಿಲ್ಲ. ತಲೆ ಇಲ್ಲದೇ ನಿಲ್ಲಿಸಿದರು. 1961ರಲ್ಲಿ ನದಿಯ ತಳದ ಮರಳಿನಲ್ಲಿ ಸಿಕ್ಕಿತು. ಐದು ವರ್ಷ ಕಳೆದು, 1966ರ ನವೆಂಬರ್ 4ರಂದು ಅದೇ ನದಿ ಉಕ್ಕಿ ಊರೊಳಗೆ ಬಂತು. ಡುವೊಮೊ ಎದುರಿನ ಗುಡಿಗೆ ಗೀಬರ್ಟಿ ಎಂಬ ಶಿಲ್ಪಿ ಮಾಡಿದ ಬಂಗಾರದ ಬಾಗಿಲಿನ ಫಲಕಗಳು ಕಿತ್ತು ಬಂದವು, ಗ್ರಂಥಾಲಯದ ಲಕ್ಷಾಂತರ ಪುಸ್ತಕ ಕೆಸರಾದವು. ನೀರು ಎಲ್ಲಿಯ ತನಕ ಬಂದಿತ್ತು ಎಂದು ಬೀದಿ ಗೋಡೆಗಳ ಮೇಲೆ ಗೆರೆ ಹಾಕಿ ಫಲಕ ಹಚ್ಚಿದ್ದಾರೆ. ಕೆಲವು ಕಡೆ ಕೈ ಎತ್ತಿದರೂ ಎಟುಕುವುದಿಲ್ಲ.

ಕೊನೆಯ ದಿನ ಸಂಜೆ ನಾವು ಕಷಿನೆ ಎಂಬ ದೊಡ್ಡ ಪಾರ್ಕಿಗೆ ಹೋದೆವು. ಟೂರಿಸ್ಟುಗಳು ಅಲ್ಲಿಗೆ ಹೋಗುವುದು ಕಡಿಮೆ. ನದಿಯ ದಂಡೆಯ ಮೇಲೆ ನಡೆದು ನಡೆದು ತುದಿಗೆ ಹೋದರೆ, ಮುಞೊನೆ ಎಂಬ ಚಿಕ್ಕ ಹೊಳೆ ಆರ್ನೊಗೆ ಸೇರುವ ಜಾಗದಲ್ಲಿ ಒಂದು ಛತ್ರಿ ನಿಂತಿದೆ. ನಮ್ಮ ಕಡೆಯ ಛತ್ರಿ, ಅಪ್ಪಟ. ಅದರಡಿ ಪಗಡಿ ಸುತ್ತಿದ ಒಬ್ಬ ಹುಡುಗನ ಮೂರ್ತಿ. ಕೊಲ್ಹಾಪುರದ ಛತ್ರಪತಿ ರಾಜಾರಾಮ್. ಇಂಗ್ಲೆಂಡಿನಿಂದ ವಾಪಸು ಬರುವಾಗ 1870ರ ನವೆಂಬರ್ 30ರಂದು ಫ್ಲಾರೆನ್ಸಿನಲ್ಲಿ ತೀರಿಕೊಂಡ, ಇಪ್ಪತ್ತು ವರ್ಷ. ಈ ಸಂಗಮದಲ್ಲೇ ಅವನಿಗೆ ಅಗ್ನಿಸಂಸ್ಕಾರ ಮಾಡಿದರು. ಎರಡು ಹೊಳೆ ಕೂಡುವ ಜಾಗವನ್ನು ಜೊತೆಯವರು ಹುಡುಕಿ ತೆಗೆದಿರಬೇಕು. 1874ರಲ್ಲಿ ಈ ಛತ್ರಿ ಎದ್ದಿತು, ಚಾರ್ಲ್ಸ್ ಮ್ಯಾಂಟ್ ಎಂಬ ಎಂಜಿನಿಯರ್ ಮಾಡಿದ್ದು. ಕೊಲ್ಹಾಪುರದ ಹೊಸ ಅರಮನೆಯೂ ಅವನದ್ದೇ. ಅದನ್ನು ನಾವು ಎಷ್ಟು ಸಲ ನೋಡಿದ್ದೇವೆ, ಮಹಾಲಕ್ಷ್ಮಿ ದರ್ಶನಕ್ಕೆ ಹೋದಾಗಲೆಲ್ಲ. ಹತ್ತಿರದ ದೊಡ್ಡ ಸೇತುವೆಯ ಹೆಸರೂ ಪೊಂತೆ ಆಲ್ ಇಂದಿಯಾನೊ. ಭಾರತೀಯನ ಸೇತುವೆ.

ನಾನು ಅಭ್ಯಾಸಬಲದಿಂದ ಛತ್ರಿಯ ಕಂಬದ ಜೋಡಣೆ ನೋಡುತ್ತ ಸುತ್ತ ತಿರುಗುತ್ತಿದ್ದೆ. ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ ನಿಂತು ನಮ್ಮಿಬ್ಬರನ್ನು ನೋಡಿದ, ಮೂರ್ತಿಯನ್ನು ನೋಡಿದ, ಬೆರಳು ತೋರಿಸಿ ಏನೋ ಕೇಳಿದ. ನಿಮ್ಮವನಾ ಎಂದು ಕೇಳುತ್ತಿದ್ದಾನೆ ಅಂತ ಗೊತ್ತಾಯಿತು. ನನಗೆ ಇಟಾಲಿಯನ್ ಬರುವುದಿಲ್ಲ. ಹೆಂಡತಿ ಕನ್ನಡದಲ್ಲೇ ಹೇಳಿದಳು: "ಹೂಂ, ನಮ್ಮ ಪಕ್ಕದೂರಿನವ."

ಅಜ್ಜ ತಲೆಯಾಡಿಸಿ ಮುಂದೆ ಹೋದ.